ಸಿಬಿಲ್‌ನಲ್ಲಿ ತಪ್ಪು ಬಂದಿದ್ರೆ ಬ್ಯಾಂಕಿಗೆ ಹೋಗೂದಾ, ಆನ್‌ಲೈನ್ ಡಿಸ್‌ಪ್ಯೂಟ್ ಹಾಕೂದಾ, ಏಜೆಂಟ್ ಹಿಡಿಯೂದಾ?

ಲೋನ್ ಕೇಳೂಕೆ ಹೋದಾಗ ಮ್ಯಾನೇಜರ್ರು ಕಂಪ್ಯೂಟರ್ ನೋಡಿ "ನಿಮ್ಮ ಸಿಬಿಲ್ ಸರಿ ಇಲ್ಲ" ಅಂದುಬಿಟ್ರೆ ಹೆಚ್ಚಿನವರು ಸುಮ್ನೆ ಎದ್ದು ಬರ್ತಾರೆ, ಇನ್ನು ಕೆಲವರು "ಸಿಬಿಲ್ ಕ್ಲಿಯರ್ ಮಾಡಿಸಿಕೊಡ್ತೇವೆ" ಅಂತ ವಾಟ್ಸಾಪಲ್ಲಿ ಬಂದ ನಂಬರಿಗೆ ಫೋನ್ ಹಚ್ತಾರೆ. ಎರಡೂ ಬೇಡ. ರಿಪೋರ್ಟಲ್ಲಿ ತಪ್ಪು ಇದ್ರೆ ತಿದ್ದಿಸೂಕೆ ದಾರಿ ನಾಲ್ಕೈದು ಇದೆ, ಆದ್ರೆ ಯಾವುದು ಸುಲಭ ಅಂತ ನೋಡಿ ಆರಿಸಿದ್ರೆ ತಿಂಗಳುಗಟ್ಟಲೆ ಅಲೆದಾಟ, ತಪ್ಪು ಎಲ್ಲಿ ಹುಟ್ಟಿದೆ ಅಂತ ನೋಡಿ ಆರಿಸಿದ್ರೆ ಮಾತ್ರ ಕೆಲಸ ಆಗ್ತದೆ. ನನ್ನ ಲೆಕ್ಕದಲ್ಲಿ ಹೆಚ್ಚಿನ ಕೇಸು ಸಾಲ ಕೊಟ್ಟ ಬ್ಯಾಂಕಿನ ಬಾಗಿಲಲ್ಲೇ ಮುಗಿಯೂ ಅಂಥವು.

ಮೊದಲು ಒಂದು ಮಾತು, ಸಿಬಿಲ್ ಅಂದ್ರೆ ನಮ್ಮ ಸಾಲ, ಕಂತಿನ ಲೆಕ್ಕ ಕೂಡಿಸಿ ರಿಪೋರ್ಟ್ ಮಾಡೂ ಒಂದು ಕಂಪನಿ ಹೆಸರು ಅಷ್ಟೇ. ನಮ್ಮ ದೇಶದಲ್ಲಿ ಆರ್‌ಬಿಐ ಲೈಸೆನ್ಸ್ ಇರೂ ಕ್ರೆಡಿಟ್ ಇನ್ಫರ್ಮೇಶನ್ ಕಂಪನಿ ನಾಲ್ಕು ಇವೆ, ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. 2005ರ ಕಾಯ್ದೆ ಪ್ರಕಾರ ನಡೀತಾವೆ. ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ನಾಲ್ಕಕ್ಕೂ ಮೆಂಬರ್ ಆಗಿ ನಾಲ್ಕಕ್ಕೂ ಲೆಕ್ಕ ಕಳಿಸ್ಬೇಕು, ಹಾಗಾಗಿ ಒಂದರಲ್ಲಿ ಸರಿ ಇದ್ದು ಇನ್ನೊಂದರಲ್ಲಿ ತಪ್ಪು ಇರೂದೂ ಉಂಟು. ಹೆಂಗಸರ ಸಂಘದ ಮೈಕ್ರೋಫೈನಾನ್ಸ್ ಸಾಲ ತಗೊಂಡವರು ಹೈಮಾರ್ಕ್ ರಿಪೋರ್ಟ್ ಮರೀದೆ ನೋಡಿ, ಆ ಕ್ಷೇತ್ರದ ಸಾಲ ಕೊಡೂವರು ಹೆಚ್ಚಾಗಿ ಅದನ್ನೇ ತೆಗೆದು ನೋಡ್ತಾರೆ. ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್ ಫ್ರೀ ಕೊಡ್ಬೇಕು, ಇದು 2017ರಿಂದ ಇರೂ ನಿಯಮ. ನಾಲ್ಕನ್ನೂ ಒಂದೇ ವಾರದಲ್ಲಿ ಇಳಿಸಿಕೊಂಡು ಪ್ರಿಂಟ್ ತೆಗೀರಿ, ಮೊಬೈಲ್ ಸ್ಕ್ರೀನಲ್ಲಿ ನೋಡಿದ್ರೆ ಅರ್ಧ ಕಾಣೂದಿಲ್ಲ. ಆ್ಯಪಲ್ಲಿ ಗೋಲಾಕಾರದಲ್ಲಿ ತೋರಿಸೂ ಸ್ಕೋರ್ ಇದೆಯಲ್ಲ, 300ರಿಂದ 900ರ ಒಳಗಿನ ಆ ನಂಬರು, ಅದನ್ನ ಡಿಸ್‌ಪ್ಯೂಟ್ ಮಾಡೂಕೆ, ಅಂದ್ರೆ ತಪ್ಪು ಅಂತ ತಕರಾರು ಹಾಕೂಕೆ, ಬರೂದಿಲ್ಲ. ಡಿಸ್‌ಪ್ಯೂಟ್ ಆಗೂದು ಒಳಗಿರೂ ಎಂಟ್ರಿ, ಎಂಟ್ರಿ ಸರಿ ಆದ್ರೆ ನಂಬರ್ ತಾನಾಗೇ ಮೇಲೆ ಬರ್ತದೆ.

ಎಂಟ್ರಿ ನೋಡೂದು ಹೇಗೆ

ಪ್ರತಿ ಸಾಲದ ಕೆಳಗೆ ತಿಂಗಳು ತಿಂಗಳಿನ ಡಬ್ಬಿ ಇರ್ತದೆ, ಸಿಬಿಲ್‌ನಲ್ಲಿ 36 ತಿಂಗಳದ್ದು. 000 ಅಂತ ಇದ್ರೆ ಆ ತಿಂಗಳು ಸರಿ ಕಟ್ಟಿದ್ದೀರಿ, 030, 060, 090 ಅಂತ ಇದ್ರೆ ಅಷ್ಟು ದಿನ ತಡ, ಎಕ್ಸ್‌ಎಕ್ಸ್‌ಎಕ್ಸ್ ಅಂದ್ರೆ ಆ ತಿಂಗಳ ಲೆಕ್ಕ ಬ್ಯಾಂಕು ಕಳಿಸಿಲ್ಲ, ಅದಕ್ಕೆ ಹೆದರೂದು ಬೇಡ. ಮೇಲೆ ಸ್ಟೇಟಸ್ ಜಾಗದಲ್ಲಿ "ಸೆಟಲ್ಡ್", "ರಿಟನ್ ಆಫ್", "ಸೂಟ್ ಫೈಲ್ಡ್" (ಕೋರ್ಟಲ್ಲಿ ದಾವೆ ಹಾಕಿದ್ದು) ಅಂತ ಇದ್ರೆ ಮಾತ್ರ ಸೀರಿಯಸ್. ರಿಟನ್ ಆಫ್ ನೋಡಿ "ಬ್ಯಾಂಕಿನವರೇ ಸಾಲ ಬಿಟ್ಟಿದ್ದಾರೆ" ಅಂತ ಖುಷಿ ಪಟ್ಟವರನ್ನ ನೋಡಿದ್ದೇನೆ, ಅಯ್ಯೋ ಮಾರಾಯ್ರೆ, ಅದು ಬ್ಯಾಂಕು ತನ್ನ ಪುಸ್ತಕದಲ್ಲಿ ಮಾಡಿಕೊಂಡ ಲೆಕ್ಕ, ನಿಮ್ಮ ಸಾಲ ಹಾಗೇ ನಿಂತಿರ್ತದೆ.

ಈಗ ಪೆನ್ನು ಹಿಡಿದು ಪ್ರತಿ ಕೆಟ್ಟ ಎಂಟ್ರಿ ಪಕ್ಕ ಬರೀರಿ, ಇದು ನಿಜವಾ, ನಿಜ ಆಗಿತ್ತು ಆದ್ರೆ ಈಗ ಕಟ್ಟಿಯಾಗಿದೆಯಾ, ಅಥವಾ ನನ್ನದೇ ಅಲ್ಲವಾ. ಈ ಮೂರರ ಮೇಲೆ ಮುಂದಿನದ್ದೆಲ್ಲಾ ನಿಂತಿದೆ. ನಿಜ ಇದ್ದು ಇನ್ನೂ ಬಾಕಿ ಇದ್ರೆ ಯಾವ ಡಿಸ್‌ಪ್ಯೂಟೂ ಕೆಲಸ ಮಾಡೂದಿಲ್ಲ.

ಜಾಮೀನಿಂದು ಬೇರೆ ಕಥೆ. ನಮ್ಮ ಉತ್ತರ ಕನ್ನಡದ ಕಡೆ ಪಕ್ಕದ ಮನೆಯವರು ಬೋಟಿಗೋ ಪಿಕಪ್ಪಿಗೋ ಸಾಲ ತೆಗೆಯುವಾಗ "ಒಂದು ಸಹಿ ಹಾಕು ಮಾರಾಯ" ಅಂದ್ರೆ ಇಲ್ಲ ಅನ್ನೂಕಾಗೂದಿಲ್ಲ. ಆ ಸಹಿ ರಿಪೋರ್ಟಲ್ಲಿ "ಗ್ಯಾರಂಟರ್" ಅಂತ ಕೂತಿರ್ತದೆ, ಅವರು ಸುಸ್ತಿ ಆದ ದಿನ ನಿಮ್ಮ ರಿಪೋರ್ಟೂ ಕೆಂಪು. ನಾನು ಒಂದು ರೂಪಾಯಿ ಮುಟ್ಟಿಲ್ಲ ಅಂತ ಡಿಸ್‌ಪ್ಯೂಟ್ ಹಾಕಿದ್ರೆ ತಿರಸ್ಕಾರ ಆಗಿ ವಾಪಸ್ ಬರ್ತದೆ, ಯಾಕಂದ್ರೆ 1872ರ ಕಾಂಟ್ರಾಕ್ಟ್ ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಅಲ್ಲಿ ಮಾಡೂಕೆ ಇರೂದು ಆ ಮನೆಯವರ ಹತ್ರ ಕೂತು ಕಟ್ಬಾಕಿ ತುಂಬಿಸೂದು. ಮಳೆಗಾಲದ ಮೀನುಗಾರಿಕೆ ಬಂದ್ ಇದೆಯಲ್ಲ, ಜೂನ್ 1ರಿಂದ ಜುಲೈ 31, ಆ ಎರಡು ತಿಂಗಳು ಬೋಟಿನ ಕಂತು ತಪ್ಪೂದು ಜಾಸ್ತಿ, ಹಾಗಾಗಿ ಬೋಟಿಗೆ ಜಾಮೀನು ಹಾಕಿದವರು ಆಗಸ್ಟಲ್ಲಿ ಒಮ್ಮೆ ರಿಪೋರ್ಟ್ ನೋಡಿಕೊಳ್ಳೂದು ಒಳ್ಳೇದು. ಆದ್ರೆ ಸಾಲ ಪೂರ್ತಿ ಮುಗಿದ ಮೇಲೂ ಗ್ಯಾರಂಟರ್ ಎಂಟ್ರಿ ಬಾಕಿ ತೋರಿಸ್ತಾ ಇದ್ರೆ ಅದು ತಪ್ಪು, ಅದಕ್ಕೆ ಕೆಳಗಿನ ದಾರಿ.

ಬ್ರ್ಯಾಂಚಿಗೆ ಹೋಗೂದು

ಕಟ್ಟಿ ಮುಗಿಸಿದ ಸಾಲ ಇನ್ನೂ ಆ್ಯಕ್ಟಿವ್ ತೋರಿಸ್ತದೆ, ಕೊನೇ ಕಂತು ಬಿದ್ದಿಲ್ಲ ಅಂತದೆ, ಬಾಕಿ ಮೊತ್ತ ತಪ್ಪು, ತಾರೀಕು ತಪ್ಪು, ಇಂಥದ್ದೆಲ್ಲಾ ಬ್ಯಾಂಕಿಂದಲೇ ತಪ್ಪು ಹೋಗಿರೂದು. ಸಿಬಿಲ್‌ನವರು ತಮ್ಮಷ್ಟಕ್ಕೆ ಒಂದು ಅಕ್ಷರ ಬದಲಿಸೂಕೆ ಬರೂದಿಲ್ಲ, ಬ್ಯಾಂಕು ಹೌದು ಅಂದ್ರೇ ಬದಲಿ. ಕೆರೆಯಲ್ಲೇ ಕೆಂಪು ನೀರಿದ್ರೆ ನಲ್ಲಿ ಬದಲಿಸಿ ಎಂತ ಉಪಯೋಗ. ಬ್ಯಾಂಕಲ್ಲಿ ಸರಿ ಮಾಡಿಸಿದ್ರೆ ಇನ್ನೊಂದು ಲಾಭ, ಸರಿಯಾದ ಲೆಕ್ಕ ನಾಲ್ಕೂ ಕಂಪನಿಗೆ ಹೋಗ್ತದೆ, ಒಂದೊಂದರ ಬೆನ್ನು ಹತ್ತೂದು ತಪ್ಪತದೆ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಲೆಕ್ಕ ಕಳಿಸ್ಬೇಕು ಅಂತ ಆಗಿದೆ, ಮೊದಲಿನ ಹಾಗೆ ತಿಂಗಳು ಕಾಯೂದಿಲ್ಲ.

ಆದ್ರೆ ಬಾಯಲ್ಲಿ ಹೇಳಿ ಬರೂದು ಮಾತ್ರ ಬೇಡವೇ ಬೇಡ. ಕೌಂಟರಲ್ಲಿ ಇರೂ ಹುಡುಗ ಒಳ್ಳೆಯವನೇ ಇರ್ಬಹುದು, "ಆಯ್ತು ಸರ್ ನೋಡ್ತೇನೆ" ಅಂತಾನೆ, ಮುಂದಿನ ತಿಂಗಳು ಅವನಿಗೆ ಭಟ್ಕಳಕ್ಕೋ ಹಳಿಯಾಳಕ್ಕೋ ಟ್ರಾನ್ಸ್‌ಫರ್, ನಿಮ್ಮ ಕೈಲಿ ಎಂತದೂ ಇಲ್ಲ. ಒಂದು ಹಾಳೆ ಅರ್ಜಿ ಕನ್ನಡದಲ್ಲೇ ಬರೀರಿ ತೊಂದ್ರೆ ಇಲ್ಲ, ಸಾಲದ ಖಾತೆ ನಂಬರ್, ರಿಪೋರ್ಟಿನ ಕಂಟ್ರೋಲ್ ನಂಬರ್, ಯಾವ ಸಾಲು ತಪ್ಪು, ಸರಿಯಾದ್ದು ಎಂತ ಆಗ್ಬೇಕು, ಇಷ್ಟು ಸಾಕು. ಜೊತೆಗೆ ರಿಪೋರ್ಟಿನ ಆ ಪುಟ, ಬೇಬಾಕಿ ಪತ್ರ ಅಥವಾ ನೋ ಡ್ಯೂ ಸರ್ಟಿಫಿಕೇಟು, ಕೊನೇ ಕಂತು ಕಟ್ಟಿದ ರಸೀದಿ ಇಲ್ಲಾ ಪಾಸ್‌ಬುಕ್ ಎಂಟ್ರಿ. ಎರಡು ಪ್ರತಿ ತಗೊಂಡು ಹೋಗಿ ಒಂದರ ಮೇಲೆ ಇನ್‌ವರ್ಡ್ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲ್ ಹಾಕೂದಿಲ್ಲ ಅಂದ್ರೆ ಜಗಳ ಮಾಡೂದು ಬೇಡ, ಅದೇ ಅರ್ಜಿ ಬ್ಯಾಂಕಿನಲ್ಲಿ ದೂರು ನೋಡೂ ನೋಡಲ್ ಆಫೀಸರ್ ಇಮೇಲಿಗೆ ಕಳಿಸಿ, ಅಥವಾ ಪೋಸ್ಟ್ ಆಫೀಸಿಂದ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಆ ತಾರೀಕಿಂದಲೇ ಗಡಿಯಾರ ಶುರು.

ಈ ಗಡಿಯಾರದ ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಆರ್‌ಬಿಐ 2023ರ ಅಕ್ಟೋಬರಲ್ಲಿ ಸುತ್ತೋಲೆ ತಂದು 2024ರ ಏಪ್ರಿಲ್ 26ರಿಂದ ಜಾರಿ ಮಾಡಿದ್ದು, ದೂರು ಕೊಟ್ಟ 30 ದಿನದೊಳಗೆ ಬಗೆಹರಿಸದಿದ್ರೆ ಆಮೇಲಿನ ಪ್ರತಿ ದಿನಕ್ಕೆ ನಿಮಗೆ 100 ರೂಪಾಯಿ ಪರಿಹಾರ ಕೊಡ್ಬೇಕು. ಇದರಲ್ಲಿ ಬ್ಯಾಂಕಿಗೆ 21 ದಿನ, ಅಷ್ಟರೊಳಗೆ ಅವರು ಸರಿ ಲೆಕ್ಕ ಕಳಿಸದಿದ್ರೆ ದಂಡ ಅವರಿಗೆ, ಅವರು ಕಳಿಸಿಯೂ ಕ್ರೆಡಿಟ್ ಕಂಪನಿ ಕೂತ್ರೆ ದಂಡ ಕಂಪನಿಗೆ. 30 ದಿನ ದಾಟಿ ಇನ್ನೂ 45 ದಿನ ಎಳೆದ್ರೆ 4,500 ರೂಪಾಯಿ, ದೊಡ್ಡ ದುಡ್ಡಲ್ಲ, ಆದ್ರೆ ಅರ್ಜಿಯ ಕೊನೆಗೆ ಈ ನಿಯಮ ಒಂದು ಸಾಲು ಬರೆದಿಟ್ರೆ ಫೈಲು ಬೇಗ ಓಡ್ತದೆ ಅನ್ನೂದು ನನ್ನ ಅನಿಸಿಕೆ. ತಿದ್ದುವುದಿಲ್ಲ ಅಂತ ಬ್ಯಾಂಕು ಹೇಳೂದಾದ್ರೆ ಕಾರಣ ಕೊಟ್ಟೇ ಹೇಳ್ಬೇಕು, ಅದೂ ಅದೇ ನಿಯಮಗಳಲ್ಲಿ ಇದೆ.

ಆನ್‌ಲೈನ್ ಡಿಸ್‌ಪ್ಯೂಟ್

ಇದು ಮನೇಲೇ ಕೂತು ಆಗೂದು, ಫ್ರೀ, ಪ್ಯಾನ್ ನಂಬರು, ಓಟಿಪಿ ಇದ್ರೆ ಅರ್ಧ ಗಂಟೆ ಕೆಲಸ, ಘಟ್ಟದ ಮೇಲೆ ನೆಟ್‌ವರ್ಕ್ ಇದ್ರೆ ಅಂತ ಸೇರಿಸ್ಬೇಕು. ಯಾವಾಗ ಇದೇ ಬೆಸ್ಟ್ ಅಂದ್ರೆ ತಪ್ಪು ಕ್ರೆಡಿಟ್ ಕಂಪನಿಯ ಜೋಡಣೆಯಲ್ಲಿ ಆದಾಗ, ಬೇರೆಯವರ ಸಾಲ ನಿಮ್ಮ ರಿಪೋರ್ಟಿಗೆ ಬಂದಾಗ. ಶಿರಸಿ ಸಿದ್ದಾಪುರ ಕಡೆ ಒಂದೇ ಊರಲ್ಲಿ ಮೂರು ನಾಲ್ಕು ಗಣಪತಿ ಹೆಗಡೆ, ಅಂಕೋಲಾ ಕುಮಟಾದಲ್ಲಿ ಅಷ್ಟೇ ಮಂಜುನಾಥ ನಾಯ್ಕರು, ಅಪ್ಪನ ಹೆಸರೂ ಎಷ್ಟೋ ಸಲ ಒಂದೇ, ವಿಳಾಸದಲ್ಲಿ ಮನೆ ನಂಬರ್ ಇಲ್ಲ, ಊರು ಪೋಸ್ಟು ತಾಲೂಕು ಅಷ್ಟೇ. ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದು ಕಡೆ ಹೆಗ್ಡೆ, ಇನ್ನೊಂದು ಕಡೆ ಹೆಗಡೆ, ನಾಯಕ್ ನಾಯ್ಕ್ ಕಲಸುಮೇಲೋಗರ. ಹಳೇ ಸಾಲಕ್ಕೆ ಪ್ಯಾನ್ ಜೋಡಿಸಿರದಿದ್ರೆ ಯಾರದ್ದೋ ಬೆಳೆ ಸಾಲ ನಿಮ್ಮ ತಲೆ ಮೇಲೆ ಬಂದ್ರೆ ಆಶ್ಚರ್ಯ ಇಲ್ಲ. ಆಗ ಬ್ರ್ಯಾಂಚಿಗೆ ಹೋದ್ರೆ "ಈ ಖಾತೆ ನಿಮ್ಮದಲ್ಲ, ಮಾಹಿತಿ ಕೊಡೂಕಾಗೂದಿಲ್ಲ" ಅಂತಾರೆ, ಅದೂ ಸರಿನೇ. ಆನ್‌ಲೈನಲ್ಲಿ ಆ ಖಾತೆ ಆರಿಸಿ "ಇದು ನನ್ನದಲ್ಲ" ಅನ್ನೂದನ್ನ ಒತ್ತಿದ್ರೆ ಕಂಪನಿಯೇ ಆ ಬ್ಯಾಂಕಿನ ಹತ್ರ ಕೇಳ್ತದೆ. ಹೆಸರು, ಜನ್ಮ ತಾರೀಕು, ವಿಳಾಸ ಸರಿ ಮಾಡಿಸೂದೂ ಇಲ್ಲೇ.

ಇದರ ಕೊರತೆ ಎಂತ ಅಂದ್ರೆ ಒಂದು ಕಂಪನಿಯಲ್ಲಿ ಹಾಕಿದ್ದು ಉಳಿದ ಮೂರರಲ್ಲಿ ತಾನಾಗಿ ಏಳೂದಿಲ್ಲ, ತಪ್ಪು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲಾ ಹಾಕ್ಬೇಕು. ಬರೆಯೂ ಜಾಗ ಕಡಿಮೆ, ಪೂರ್ತಿ ಕಥೆ ಹೇಳೂಕೆ ಆಗೂದಿಲ್ಲ. ಬ್ಯಾಂಕಿನ ಎಲ್ಲೋ ದೂರದ ಆಫೀಸಲ್ಲಿ ಕೂತವರು ತಮ್ಮ ಸಿಸ್ಟಮಲ್ಲಿ ಇದ್ದದ್ದೇ ನೋಡಿ "ಡೇಟಾ ಸರಿ ಇದೆ" ಅಂತ ಒತ್ತಿ ಕಳಿಸಿಬಿಡ್ತಾರೆ, ಸಿಸ್ಟಮಲ್ಲೇ ತಪ್ಪು ಇದ್ರೆ ಮತ್ತೆಂತ ಬರ್ತದೆ. ಮತ್ತೆ ಡಿಸ್‌ಪ್ಯೂಟ್ ನಡೀತಾ ಇರೂ ಅಷ್ಟು ದಿನ ಆ ಖಾತೆ ಮೇಲೆ "ಅಂಡರ್ ಡಿಸ್‌ಪ್ಯೂಟ್" ಅಂತ ಇರ್ತದೆ, ಮನೆ ಸಾಲದ ಫೈಲು ಒಳಗೆ ಇರುವಾಗ ಹಾಗೆ ಕಂಡ್ರೆ ಕೆಲವು ಮ್ಯಾನೇಜರ್ರು ಇದು ಮುಗೀಲಿ ಅಂತ ಬದಿಗಿಡ್ತಾರೆ. ಹಾಗಾಗಿ ಸಾಲಕ್ಕೆ ಅರ್ಜಿ ಹಾಕೂ ಎರಡು ಮೂರು ತಿಂಗಳು ಮೊದಲೇ ಈ ಕೆಲಸ ಮುಗಿಸೂದು ಬುದ್ಧಿವಂತಿಕೆ.

ಕಟ್ಟಿ ಮುಗಿಸಿದ ಸಾಲದ ತಪ್ಪಿಗೆ ನಾನಾದ್ರೆ ಎರಡನ್ನೂ ಒಂದೇ ದಿನ ಮಾಡ್ತೇನೆ, ಬ್ರ್ಯಾಂಚಲ್ಲಿ ಸೀಲ್ ಹಾಕಿಸಿ ಬಂದು ಸಂಜೆ ಆನ್‌ಲೈನಲ್ಲಿ ಹಾಕೂದು. ಆಗ ದೂರದ ಆಫೀಸಿನವರು ಬ್ರ್ಯಾಂಚಿಗೆ ಕೇಳಿದಾಗ ಅಲ್ಲಿ ನಿಮ್ಮ ಕಾಗದ ಇರ್ತದೆ.

ಕಾರವಾರದವರ ಗೋವಾ ಸಾಲ, ಸೇರಿಹೋದ ಬ್ಯಾಂಕು, ಸೊಸೈಟಿ

ಕಾರವಾರ ಸದಾಶಿವಗಡ ಕಡೆಯ ಎಷ್ಟೋ ಹುಡುಗರು ಗೋವಾದಲ್ಲಿ ಕೆಲಸ, ಮಡಗಾಂವಲ್ಲೋ ವಾಸ್ಕೋದಲ್ಲೋ ಬೈಕು ಮೊಬೈಲು ಕಂತಲ್ಲಿ ತಗೊಂಡಿರ್ತಾರೆ, ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಸ್ಯಾಲರಿ ಅಕೌಂಟ್ ಖಾಲಿ, ಕೊನೆಯ ಒಂದು ಇಎಂಐ ಬೌನ್ಸ್, ಅದರ ಚಾರ್ಜು ಬೆಳೆದು ಸಣ್ಣ ಬಾಕಿ. ಇದಕ್ಕೆ ಗೋವಾಕ್ಕೆ ಓಡೂದು ಬೇಡ, ಫೈನಾನ್ಸ್ ಕಂಪನಿಯ ಕಸ್ಟಮರ್ ಕೇರಿಗೆ ಇಮೇಲ್ ಮಾಡಿ ಫೋರ್‌ಕ್ಲೋಶರ್ ಲೆಕ್ಕ, ಅಂದ್ರೆ ಸಾಲ ಪೂರ್ತಿ ಮುಗಿಸೂಕೆ ಎಷ್ಟು ಕಟ್ಬೇಕು ಅನ್ನೂದು, ಬರವಣಿಗೆಯಲ್ಲಿ ತರಿಸಿ, ಚಾರ್ಜು ಕಡಿಮೆ ಮಾಡಿ ಅಂತ ಕೇಳಿ, ಕಟ್ಟಿ, ನೋ ಡ್ಯೂ ತಗೊಳ್ಳಿ. ಕ್ರೆಡಿಟ್ ಕಾರ್ಡೂ ಹಾಗೇ, ವಾರ್ಷಿಕ ಫೀಸು ಕಟ್ಟದೆ ಬಿಟ್ಟದ್ದು ಬಡ್ಡಿ ಸೇರಿ ಸಾವಿರಗಟ್ಟಲೆ ಆಗಿ ರಿಟನ್ ಆಫ್ ತನಕ ಹೋಗ್ತದೆ. ಬಾಕಿ ಎಲ್ಲಾ ತೀರಿಸಿ ಕಾರ್ಡ್ ಕ್ಲೋಸ್ ಮಾಡಿ ಅಂತ ಕೇಳಿದ ಮೇಲೆ 7 ವರ್ಕಿಂಗ್ ದಿನದಲ್ಲಿ ಮಾಡದಿದ್ರೆ ದಿನಕ್ಕೆ 500 ರೂಪಾಯಿ ಕೊಡ್ಬೇಕು ಅಂತ ಆರ್‌ಬಿಐ ನಿಯಮ ಇದೆ, ಅದನ್ನ ಇಮೇಲಲ್ಲಿ ಬರೀರಿ.

ಹಳೇ ಬ್ಯಾಂಕುಗಳ ಗೊಂದಲ ನಮ್ಮ ಜಿಲ್ಲೆಗೆ ಸ್ವಲ್ಪ ಜಾಸ್ತಿ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಶನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿಗೆ, ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ಕ್ಕೆ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿ ಸೇರಿಹೋಯ್ತು. ಒಂದೇ ಸಾಲ ಹಳೇ ಹೆಸರಲ್ಲಿ ಒಮ್ಮೆ ಹೊಸ ಹೆಸರಲ್ಲಿ ಒಮ್ಮೆ ಕಂಡ್ರೆ ಈಗಿನ ಬ್ಯಾಂಕಿನ ಬ್ರ್ಯಾಂಚಿಗೇ ಹೋಗೂದು, ಹಳೇ ಪಾಸ್‌ಬುಕ್ಕು ಬಿಸಾಡಬೇಡಿ. ಇನ್ನು ಬ್ಯಾಂಕು ನಿಮ್ಮ ಸುಸ್ತಿ ಸಾಲವನ್ನ ಅಸೆಟ್ ರಿಕನ್‌ಸ್ಟ್ರಕ್ಷನ್ ಕಂಪನಿಗೆ ಮಾರಿದ್ರೆ ಮಾತ್ರ ಬ್ರ್ಯಾಂಚಲ್ಲಿ ಎಂತ ಆಗೂದಿಲ್ಲ, ತೀರುವಳಿ ಕೊಡೂದು ಆ ಕಂಪನಿಯೇ.

ಊರ ಸೊಸೈಟಿ ಸಾಲ ಬೇರೆ. ಎಷ್ಟೋ ಪ್ರಾಥಮಿಕ ಸೊಸೈಟಿಗಳ ಸಾಲ ಈ ರಿಪೋರ್ಟಲ್ಲಿ ಕಾಣೂದೇ ಇಲ್ಲ, ಅಲ್ಲಿ ಸೆಕ್ರೆಟರಿ ಹತ್ರ ಲೆಕ್ಕ ಸರಿ ಮಾಡಿಕೊಳ್ಳೂದು, ಆಗದಿದ್ರೆ ಸಹಕಾರ ಇಲಾಖೆಯ ಎಆರ್ (ಅಸಿಸ್ಟೆಂಟ್ ರಿಜಿಸ್ಟ್ರಾರ್) ಆಫೀಸು. ಸಿಬಿಲ್ ಹಿಡಿದು ಹೋದ್ರೆ ಉಪಯೋಗ ಇಲ್ಲ.

ಯಾರೋ ನಿಮ್ಮ ಪ್ಯಾನ್ ಬಳಸಿ ಲೋನ್ ಆ್ಯಪಲ್ಲಿ ಸಾಲ ತೆಗೆದಿದ್ರೆ ಮೊದಲು 1930ಕ್ಕೆ ಫೋನ್, ಸೈಬರ್ ದೂರು, ಆ ದೂರಿನ ಪ್ರತಿ ಹಚ್ಚಿ ಡಿಸ್‌ಪ್ಯೂಟ್. ಈ ಕ್ರಮ ಉಲ್ಟಾ ಮಾಡಬೇಡಿ. ನಿಮ್ಮ ರಿಪೋರ್ಟ್ ಯಾರಾದ್ರೂ ತೆಗೆದು ನೋಡಿದಾಗ ಮೆಸೇಜ್ ಬರ್ಬೇಕು ಅಂತ ಈಗ ನಿಯಮ ಇದೆ, ಹಳೇ ಮೊಬೈಲ್ ನಂಬರೇ ಕೊಟ್ಟು ಕೂತಿದ್ರೆ ಅದೂ ಬರೂದಿಲ್ಲ.

ಓಂಬುಡ್ಸ್‌ಮನ್ ಮೊದಲಾ, ಗ್ರಾಹಕರ ಆಯೋಗ ಮೊದಲಾ

30 ದಿನ ಆದ್ರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಒಪ್ಪೂ ಹಾಗಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್, ಬ್ಯಾಂಕುಗಳ ಮೇಲಿನ ದೂರು ಕೇಳೂ ಅಧಿಕಾರಿ. ಫೀಸು ಇಲ್ಲ, ವಕೀಲರು ಬೇಡ, ಆರ್‌ಬಿಐಯ ದೂರಿನ ವೆಬ್‌ಸೈಟು ಸಿಎಂಎಸ್ ಪೋರ್ಟಲಲ್ಲಿ ಹಾಕಬಹುದು, ಸಂಶಯ ಇದ್ರೆ 14448ಕ್ಕೆ ಫೋನ್. ಕ್ರೆಡಿಟ್ ಕಂಪನಿಗಳೂ 2022ರ ಸೆಪ್ಟೆಂಬರ್ 1ರಿಂದ ಇದರೊಳಗೆ ಬಂದಿವೆ, ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕುಗಳು 2025ರ ನವೆಂಬರಿಂದ. ಆದ್ರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡದೆ ನೇರ ಇಲ್ಲಿಗೆ ಬಂದ್ರೆ ತೆಗೆದುಹಾಕ್ತಾರೆ, ಆ ಇನ್‌ವರ್ಡ್ ಸೀಲಿನ ಬೆಲೆ ಈಗ ಗೊತ್ತಾಗ್ತದೆ. ಇದಕ್ಕೆ ಕಾಲಮಿತಿ ಇದೆ, ಬ್ಯಾಂಕಿನ ಉತ್ತರ ಬಂದ ಮೇಲೆ ತಡ ಮಾಡಬೇಡಿ. 100 ರೂಪಾಯಿ ಲೆಕ್ಕದ ಪರಿಹಾರ ಕೊಡದಿದ್ರೂ ಇಲ್ಲೇ ಕೇಳೂದು.

ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ ಇದೆ, ಎರಡು ವರ್ಷದೊಳಗೆ ದೂರು ಕೊಡಬಹುದು, ಸೇವೆಗೆ ಕೊಟ್ಟ ಮೊತ್ತ 5 ಲಕ್ಷದ ತನಕ ಇದ್ರೆ ಫೀಸೂ ಇಲ್ಲ. ತಪ್ಪು ಎಂಟ್ರಿಯಿಂದ ಸಾಲ ತಪ್ಪಿ, ಸೈಟಿನ ಅಡ್ವಾನ್ಸ್ ಮುಳುಗಿ, ನಿಜವಾದ ನಷ್ಟ ಆಗಿದ್ರೆ ಅದಕ್ಕೆ ಇದು ಸರಿ ಜಾಗ. ಬರೀ ಎಂಟ್ರಿ ತಿದ್ದಿಸೂಕೆ ಬೇಡ, ತಾರೀಕಿನ ಮೇಲೆ ತಾರೀಕು ಆಗ್ತದೆ. ಮುಖ್ಯ ಏನಂದ್ರೆ ಅದೇ ವಿಷಯ ಆಯೋಗದಲ್ಲೋ ಕೋರ್ಟಲ್ಲೋ ನಡೀತಾ ಇದ್ರೆ ಓಂಬುಡ್ಸ್‌ಮನ್ ಮುಟ್ಟೂದಿಲ್ಲ. ಹಾಗಾಗಿ ಓಂಬುಡ್ಸ್‌ಮನ್ ಮೊದಲು, ಸಿಟ್ಟಲ್ಲಿ ನೇರ ಕಾರವಾರ ಬಸ್ ಹತ್ತಬೇಡಿ.

ಏಜೆಂಟು

ಐದು ಸಾವಿರ, ಹತ್ತು ಸಾವಿರ ಕೇಳ್ತಾರೆ, ಮಾಡೂದು ನೀವು ಫ್ರೀಯಾಗಿ ಹಾಕಬಹುದಾದ ಅದೇ ಆನ್‌ಲೈನ್ ಫಾರ್ಮು. ಅವರಿಗೆ ರಿಪೋರ್ಟಿನ ಒಳಗೆ ಕೈ ಹಾಕೂ ಯಾವ ಅಧಿಕಾರವೂ ಇಲ್ಲ. ನಿಜವಾದ ಬಾಕಿ ಯಾರ ಅಪ್ಪನಿಂದಲೂ ಅಳಿಸೂಕಾಗೂದಿಲ್ಲ, ಕ್ರೆಡಿಟ್ ಕಂಪನಿಗಳು ಕನಿಷ್ಠ ಏಳು ವರ್ಷ ಮಾಹಿತಿ ಇಡ್ಲೇಬೇಕು. ಅದರ ಮೇಲೆ ನಿಮ್ಮ ಪ್ಯಾನ್, ಆಧಾರ್, ಓಟಿಪಿ ಗುರುತಿಲ್ಲದವರ ಕೈಗೆ. ಫಾರ್ಮ್ ತುಂಬೂಕೆ ಗೊತ್ತಾಗದಿದ್ರೆ ಮನೇಲಿ ಕಾಲೇಜಿಗೆ ಹೋಗೂ ಮಕ್ಕಳನ್ನ ಕೂರಿಸಿಕೊಳ್ಳಿ.

ಎಂಟ್ರಿ ನಿಜವೇ ಇದ್ರೆ, ಓಟಿಎಸ್ಸಾ ಪೂರ್ತಿ ಕಟ್ಟೂದಾ

ಡಿಸ್‌ಪ್ಯೂಟಿಗೆ ಜಾಗ ಇಲ್ಲದವರ ಮುಂದೆ ಇರೂ ಆಯ್ಕೆ ಇದು. ಒಂದು ಲಕ್ಷ ಬಾಕಿಗೆ ಅರವತ್ತು ಸಾವಿರ ಕಟ್ಟಿ ಮುಗಿಸಿ ಅಂತ ಬ್ಯಾಂಕು ಕರೆದ್ರೆ (ಇದೇ ಓಟಿಎಸ್, ಒನ್ ಟೈಮ್ ಸೆಟಲ್‌ಮೆಂಟ್) ಲಾಭ ಅಂತ ಕಾಣ್ತದೆ, ಆದ್ರೆ ರಿಪೋರ್ಟಲ್ಲಿ "ಕ್ಲೋಸ್ಡ್" ಬರೂದಿಲ್ಲ, "ಸೆಟಲ್ಡ್" ಬರ್ತದೆ, ಮುಂದಿನ ಬ್ಯಾಂಕಿನವರಿಗೆ ಅದು "ಪೂರ್ತಿ ಕೊಡದೆ ಬಿಟ್ಟವರು" ಅಂತಲೇ ಅರ್ಥ. ಇನ್ನು ಮುಂದೆ ಬ್ಯಾಂಕ್ ಸಾಲವೇ ಬೇಡ, ತೋಟ ನೋಡಿಕೊಂಡು ಇರ್ತೇನೆ ಅನ್ನೂವರಿಗೆ ಓಟಿಎಸ್ ಅಡ್ಡಿಲ್ಲ, ಉಳಿದ ದುಡ್ಡು ಕೈಲಿರ್ತದೆ. ಮಗಳ ಎಜುಕೇಶನ್ ಲೋನು, ಮನೆ ಲೋನು ಎದುರಿಗಿದ್ರೆ ಕಷ್ಟ ಆದ್ರೂ ಪೂರ್ತಿ ಕಟ್ಟೂದೇ ಸರಿ, ಬಡ್ಡಿ ಮೇಲಿನ ದಂಡದಲ್ಲಿ ಕಡಿಮೆ ಮಾಡಿಸಿಕೊಳ್ಳಿ, ಆದ್ರೆ ಸ್ಟೇಟಸ್ "ಕ್ಲೋಸ್ಡ್" ಅಂತ ಕಳಿಸ್ತೇವೆ ಅನ್ನೂದನ್ನ ದುಡ್ಡು ಕೊಡೂ ಮೊದಲೇ ಪತ್ರದಲ್ಲಿ ಬರೆಸಿಕೊಳ್ಳಿ. ಹಿಂದೆ ಸೆಟಲ್ ಮಾಡಿಕೊಂಡವರೂ ಬಿಟ್ಟ ಮೊತ್ತ ಈಗ ಕಟ್ಟಿ ಸ್ಟೇಟಸ್ ಬದಲಿಸೂಕೆ ಬ್ಯಾಂಕಿನ ಹತ್ರ ಕೇಳಬಹುದು. ಮನೆಯ ಕಾಗದ ಅಡ ಇಟ್ಟಿದ್ರೆ ಪೂರ್ತಿ ತೀರಿದ 30 ದಿನದೊಳಗೆ ವಾಪಸ್ ಕೊಡ್ಬೇಕು, ತಡ ಬ್ಯಾಂಕಿಂದೇ ಆದ್ರೆ ದಿನಕ್ಕೆ 5,000 ರೂಪಾಯಿ, ಇದು 2023ರ ಡಿಸೆಂಬರ್ 1ರಿಂದ ಇದೆ, ಕಾಗದದ ಜೊತೆಗೇ ನೋ ಡ್ಯೂನೂ ಕೇಳಿ ತಗೊಳ್ಳಿ.

ತಡ ಮಾಡಿ ಕಟ್ಟಿದ ತಿಂಗಳ 030, 060 ಅಲ್ಲೇ ಇರ್ತದೆ, ಅದಕ್ಕೆ ಮದ್ದಿಲ್ಲ, ಹೊಸ 000 ಡಬ್ಬಿಗಳು ಬಂದ ಹಾಗೆ ಅದು ಹಿಂದೆ ಸರೀತದೆ. ಅಲ್ಲಿ ತನಕ ಅವಸರಕ್ಕೆ ಐದು ಬ್ಯಾಂಕಲ್ಲಿ ಅರ್ಜಿ ಹಾಕೂದು ಬಿಡಿ, ಪ್ರತಿ ಅರ್ಜಿಯೂ ಎನ್‌ಕ್ವೈರಿ ಅಂತ ರಿಪೋರ್ಟಲ್ಲಿ ಬೀಳ್ತದೆ.